ಕಾರಣ ಆರಿಸಿ

ಮೊದಲು ಎರಡಿದ್ದವು.
ಒಂದು ನನಗೆ ದಾರಿ ಹೇಳುತ್ತಿತ್ತು,
ಇನ್ನೊಂದು ನನ್ನ ದಾರಿಯನ್ನು ಆಫೀಸಿಗೆ ಹೇಳುತ್ತಿತ್ತು.
ಒಂದಕ್ಕೊಂದು ಪರಿಚಯವಿರಲಿಲ್ಲ.
ನಡುವೆ ನನಗೊಂದು ಟೀ ಕುಡಿಯುವಷ್ಟು ಜಾಗವಿತ್ತು.

ಸೋಮವಾರ ಹ್ಯಾಚರಿ ಗೇಟಿನಲ್ಲಿ
ಸೂಪರ್‌ವೈಸರ್ ಧರಣೇಶ ನನ್ನ ಫೋನು ಇಸಕೊಂಡು
ಅನುಮತಿಸಿ, ಅನುಮತಿಸಿ, ಯಾವಾಗಲೂ ಅನುಮತಿಸಿ
ಅಂತ ಒತ್ತಿ ಒತ್ತಿ ವಾಪಸು ಕೊಟ್ಟ.
"ಇನ್ಮೇಲೆ ಒಂದೇ ಆ್ಯಪು ಕಣಣ್ಣ. ದಾರೀನೂ ಅದೇ, ಲೆಕ್ಕಾನೂ ಅದೇ."
ಮದುವೆ ಕುದುರಿಸಿದವನ ಹಾಗೆ ನಕ್ಕ.

ಹಿಂದೆ ನಲವತ್ತು ಟ್ರೇ, ಟ್ರೇಗೆ ನೂರು ಮರಿ,
ನಿನ್ನೆ ಮೊಟ್ಟೆಯೊಡೆದವು.
ಇನ್ನೂ ನೀರು ಕಂಡಿರದ ನಾಲ್ಕು ಸಾವಿರ ಕೊಕ್ಕು.
ಮುಂದೆ ಫೋನಿನಲ್ಲಿ ನಾನೊಂದು ನೀಲಿ ಚುಕ್ಕೆ.
ಐವತ್ತೆರಡು ವರ್ಷ ತಿಂದ ಮುದ್ದೆಗೆ
ಇಷ್ಟೇನಾ ಗಾತ್ರ ಅನ್ನಿಸಿತು.

ಮಂಡ್ಯ ದಾಟುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು,
ಒಂದೊಂದರ ಹಿಂದೂ ಎರಡೆರಡು ಟ್ರೈಲರು.
ಆ ಹೆಂಗಸಿನ ದನಿಗೆ ಕಬ್ಬು ಗೊತ್ತಿಲ್ಲ.
"ಏಳು ನಿಮಿಷ ತಡ" ಅಂದಳು, ನನ್ನದೇ ತಪ್ಪೆಂಬಂತೆ.
ಆಮೇಲೆ, "ಬಲಕ್ಕೆ, ನಾಲೆ ಏರಿಯ ಮೇಲೆ."
ಆ ಏರಿ ನನಗೆ ಗೊತ್ತು.
ಹೋದ ಮಳೆಗೆ ಮಗ್ಗುಲು ಕುಸಿದು
ಈಗ ಎಮ್ಮೆ ಮಾತ್ರ ದಾಟುತ್ತದೆ, ಅದೂ ಯೋಚಿಸಿ.
ನೇರ ಹೋದೆ.

ಅವಳು ಸುಮ್ಮನಾದಳು. ಒಂದು ಬಳೆ ಗಿರಗಿರ ತಿರುಗಿತು.
ಹೊಸ ದಾರಿ ಸಿಗುವ ಮುಂಚೆಯೇ ಧರಣೇಶ:
"ಮರಿಲಿಂಗಣ್ಣ, ದಾರಿ ಬಿಟ್ಟಿದ್ದೀಯ ಅಂತ ಕೆಂಪಗೆ ತೋರುಸ್ತೈತೆ."
"ದಾರಿ ನನ್ನ ಬಿಟ್ಟೈತೆ ಕಣಪ್ಪ."

ಹನ್ನೊಂದೂವರೆಯ ಬಿಸಿಲು. ಹಿಂದಿನ ಸದ್ದು ಬದಲಾಯಿತು.
ಇದನ್ನು ಹೇಗೆ ಹೇಳಲಿ,
ಚಿಂವ್ ಅನ್ನುವುದರಲ್ಲೇ ಒಂದು ಬಗೆಯ ಒಣಗು ಇರುತ್ತದೆ,
ಹದಿನಾರು ವರ್ಷ ಅದನ್ನು ಹೊತ್ತ ಬೆನ್ನಿಗೆ ಕೇಳಿಸುತ್ತದೆ.
ಹೊಂಗೆ ಮರದಡಿ ಗಾಡಿ ಹಾಕಿ, ಟಾರ್ಪಾಲು ಎತ್ತಿ,
ಮೇಲಿನ ಟ್ರೇ ಕೆಳಕ್ಕೆ, ನಡುವಿನದು ಅಂಚಿಗೆ,
ಒಂದರ ಮೇಲೊಂದು ಬಿದ್ದವನ್ನು ಬೆರಳಲ್ಲಿ ಬಿಡಿಸುತ್ತಿದ್ದೆ.
ಜೇಬು ನಡುಗಿತು.

ವಾಹನ ನಿಂತಿದೆ. ಕಾರಣ ಆರಿಸಿ.
ಟ್ರಾಫಿಕ್. ಪಂಕ್ಚರ್. ಊಟ. ಡೀಸೆಲ್. ಇತರೆ.
ನೆರಳು ಅನ್ನುವುದು ಇರಲಿಲ್ಲ.
ಒಂದು ಕೈಯಲ್ಲಿ ಕಣ್ಣು ತೇಲಿಸುತ್ತಿದ್ದ ಮರಿ,
ಇನ್ನೊಂದರ ಹೆಬ್ಬೆರಳಲ್ಲಿ
ಇತರೆ ಒತ್ತಿದೆ.

ಕೊನೆಯ ಡೆಲಿವರಿ ಪುಟ್ಟತಾಯಮ್ಮ, ಅರ್ಧ ಟ್ರೇ.
ವಿಳಾಸ: ಆಲೆಮನೆ ಹಿಂದಲ ತಿಟ್ಟು, ಕೇಳಿದರೆ ಹೇಳುತ್ತಾರೆ.
"ನೀವು ತಲುಪಿದ್ದೀರಿ" ಅಂದಳು ಅವಳು, ಗದ್ದೆಯ ನಡುವೆ.
ಕೇಳಿದೆ. ಹೇಳಿದರು.

ಜಗಲಿಯಲ್ಲಿ ಮೊಮ್ಮಗಳು ಫೋನು ಹಿಡಿದು ಕೂತಿದ್ದಳು.
ಮರಿ ಎಣಿಸುವ ಮುಂಚೆ ಮುದುಕಿ ಕೇಳಿದಳು:
"ಒಂಗೆ ಮರದ ತಾವ ಅಷ್ಟೊತ್ತು ನಿಂತಿದ್ಯಲ್ಲಪ್ಪ,
ಈ ಮಗ ತೋರುಸ್ತು.
ತಲೆ ಗಿಲೆ ಸುತ್ತು ಬಂತೇನೋ ಅನ್ಕಂಡೆ."

ಲಿಂಕು ಇವರಿಗೂ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ.
ಧರಣೇಶ ನೋಡಿದ್ದೂ ಅದೇ ಚುಕ್ಕೆಯನ್ನ.

"ಮರೀಗೆ ಗಾಳಿ ಆಡುಸ್ತಿದ್ದೆ ಕಣವ್ವ."
"ಅಂಗಾರೆ ಸರಿ" ಅಂದು ಮಜ್ಜಿಗೆಗೆ ಒಳಗೆ ಹೋದಳು.
ನಲವತ್ತೊಂಬತ್ತಿದ್ದವು.
ಐವತ್ತನೆಯದು ಸೀಟಿನ ಪಕ್ಕ ನನ್ನ ಟವಲಿನಲ್ಲಿತ್ತು,
ಅಲ್ಲಾಡುತ್ತಿರಲಿಲ್ಲ.
ಅದಕ್ಕೂ ಒಂದು ಪಟ್ಟಿ ಬಂತು. ಮತ್ತೆ ಇತರೆ.

ಹೊರಡುವಾಗ ಹುಡುಗಿ ನನ್ನ ಫೋನಿನಲ್ಲಿ
ಗದ್ದೆಯಲ್ಲಿ ಬಿದ್ದಿದ್ದ ಗುರುತನ್ನು ಎಳೆದು ತಂದು
ತಮ್ಮ ಬಾಗಿಲ ಮುಂದೆ ನೆಟ್ಟಳು,
ಪೈರು ನೆಡುವವರ ಹಾಗೆ, ಹೆಬ್ಬೆರಳು ಅದುಮಿ.

ತಿಟ್ಟು ಇಳಿದರೆ ಸಿಗ್ನಲ್ ಇಲ್ಲ.
ಮದ್ದೂರು ರಸ್ತೆ ಸೇರುವ ತನಕ, ಇಪ್ಪತ್ತು ನಿಮಿಷ,
ಖಾಲಿ ಟ್ರೇಗಳ ಗಲಗಲದ ಜೊತೆ ನಾನು ಬರುತ್ತಲೇ ಇದ್ದೆ.
ಆಫೀಸಿನ ಪರದೆಯ ಮೇಲೆ ಮಾತ್ರ
ಇನ್ನೂ ಆ ಜಗಲಿಯಲ್ಲೇ ಕೂತಿದ್ದೆ,
ಎರಡನೇ ಲೋಟಕ್ಕೆ ಕೈ ಚಾಚಿ.